ಬಲ್ಕ್ ಫಿಲ್ಮಿಗೆ ಯಾವ ಕ್ಯಾಸೆಟ್?

ಬಲ್ಕ್ ಲೋಡಿಂಗ್ ಅಂದರೆ ಕ್ಯಾಮೆರಾ ಫಿಲ್ಮನ್ನು ಉದ್ದನೆಯ ರೋಲಾಗಿ ಕೊಂಡು, ಲೋಡರ್ ಅನ್ನುವ ಬೆಳಕು ನುಗ್ಗದ ಪೆಟ್ಟಿಗೆಯಿಂದ ಖಾಲಿ ಕ್ಯಾಸೆಟ್‌ಗೆ, ಅಂದರೆ ಕ್ಯಾಮೆರಾಕ್ಕೆ ಹಾಕುವ ಸಣ್ಣ ಫಿಲ್ಮ್ ಡಬ್ಬಿಗೆ, ನಾವೇ ತುಂಬಿಕೊಳ್ಳುವುದು. ಇದನ್ನು ಶುರು ಮಾಡುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಫಿಲ್ಮ್ ತಗೊಳ್ಳಲಿ? ಯಾವ ಲೋಡರ್ ತಗೊಳ್ಳಲಿ? ಖಾಲಿ ಕ್ಯಾಸೆಟ್ ವಿಷಯ ಬಂದಾಗ ಮಾತ್ರ ಸಿಕ್ಕಿದ್ದು ಸಾಕು ಅಂದುಬಿಡುತ್ತಾರೆ. ನಾನು ಇವತ್ತು ಮಾತಾಡುವುದು ಆ ಖಾಲಿ ಕ್ಯಾಸೆಟ್ ಬಗ್ಗೆಯೇ. ಫಿಲ್ಮ್ ಕಾರ್ಖಾನೆಯಿಂದ ಚೆನ್ನಾಗಿಯೇ ಬಂದಿರುತ್ತದೆ. ಲೋಡರ್ ಸರಿಯಾಗಿದೆ ಅಂತ ಒಮ್ಮೆ ಗೊತ್ತಾದರೆ ವರ್ಷಗಟ್ಟಲೆ ನಡೆಯುತ್ತದೆ. ಗೀರು ಬೀಳುವುದು, ಬೆಳಕು ನುಗ್ಗುವುದು, ಫಿಲ್ಮ್ ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುವುದು, ಇವೆಲ್ಲ ಹೆಚ್ಚಾಗಿ ಕ್ಯಾಸೆಟ್‌ನಲ್ಲೇ ಆಗುತ್ತವೆ.

ಮೊದಲು ಲೆಕ್ಕ ನೋಡಿಬಿಡೋಣ. 35 ಮಿಲಿಮೀಟರ್ ಫಿಲ್ಮಿನ ಬಲ್ಕ್ ರೋಲ್ ಅಂದರೆ ಸಾಮಾನ್ಯವಾಗಿ 100 ಅಡಿ, ಅಂದರೆ 30.5 ಮೀಟರ್. ಒಂದು ಫ್ರೇಮಿಗೆ, ಅಂದರೆ ಒಂದು ಚಿತ್ರಕ್ಕೆ, ಫಿಲ್ಮಿನ ಅಂಚಿನ ಎಂಟು ತೂತು. ತೂತಿನಿಂದ ತೂತಿಗೆ 4.75 ಮಿಲಿಮೀಟರ್. ಹಾಗಾಗಿ ಒಂದು ಫ್ರೇಮ್ 38 ಮಿಲಿಮೀಟರ್ ಉದ್ದ ತಿನ್ನುತ್ತದೆ. 36 ಫ್ರೇಮಿಗೆ ಸುಮಾರು 1.37 ಮೀಟರ್ ಆಯಿತು. ಮುಂದೆ ಕ್ಯಾಮೆರಾಕ್ಕೆ ಸಿಕ್ಕಿಸುವ ತುದಿಯಾದ ಲೀಡರ್, ಹಿಂದಿನ ಬಾಲ ಸೇರಿದರೆ 1.6 ಮೀಟರ್ ದಾಟುತ್ತದೆ. ಒಂದು ಬಲ್ಕ್ ರೋಲಿನಿಂದ 18 ರಿಂದ 19 ಸಲ ತುಂಬಬಹುದು. ನಿಮ್ಮ ಹತ್ತಿರ ಆರು ಕ್ಯಾಸೆಟ್ ಇದ್ದರೆ ಒಂದೊಂದೂ ಮೂರು ಸಲ ತುಂಬಿ ಖಾಲಿಯಾಗುತ್ತದೆ. ಎರಡನೇ ಬಲ್ಕ್ ರೋಲ್ ಮುಗಿಯುವಷ್ಟರಲ್ಲಿ ಆರು ಸಲ. ಕಾರ್ಖಾನೆಯ ಕ್ಯಾಸೆಟ್ ಒಂದೇ ಸಲ ಬಾಳಿದರೆ ಸಾಕು. ನಮ್ಮದು ಹಾಗಲ್ಲ, ಪದೇ ಪದೇ ತೆರೆದು ಮುಚ್ಚಿದರೂ ಒಂದೇ ಥರ ಇರಬೇಕು. ಆರಿಸುವಾಗ ಇದೊಂದು ತಲೆಯಲ್ಲಿರಲಿ.

ಕ್ಯಾಸೆಟ್‌ನಲ್ಲಿ ಇರುವುದು ನಾಲ್ಕೇ ಸಾಮಾನು. ಹೊರಗಿನ ಕೊಳವೆ, ಎರಡು ಕಡೆಯ ಮುಚ್ಚಳ, ಒಳಗೆ ಫಿಲ್ಮ್ ಸುತ್ತುವ ಸ್ಪೂಲು, ಮತ್ತೆ ಫಿಲ್ಮ್ ಹೊರಬರುವ ಬಾಯಿಯ ಎರಡೂ ತುಟಿಗೆ ಅಂಟಿಸಿದ ಮಖಮಲ್ ಪಟ್ಟಿ. ಬೆಳಕನ್ನು ತಡೆಯುವುದು ಈ ಮಖಮಲ್. ಫಿಲ್ಮ್ ಜಾರಿ ಹೋಗಬೇಕು, ಬೆಳಕು ಮಾತ್ರ ಹೋಗಬಾರದು. ತುಂಬಾ ಬಿಗಿಯಾದರೆ ಗೀರು, ಸಡಿಲವಾದರೆ ಬೆಳಕು. ಇಷ್ಟು ತೆಳುವಾದ ಬಟ್ಟೆಯ ಮೇಲೆ ಇಷ್ಟು ದೊಡ್ಡ ಜವಾಬ್ದಾರಿ ಇದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಇದು ನನಗೆ ಬಹಳ ಇಷ್ಟದ ವಿಷಯ. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಾಗ ಈಗಿನ ಥರದ ತಯಾರಿ ಕ್ಯಾಸೆಟ್ ಇರಲಿಲ್ಲ. ಫಿಲ್ಮನ್ನು ಕತ್ತಲಲ್ಲಿ ಕತ್ತರಿಸಿ, ಕ್ಯಾಮೆರಾದ ಜತೆ ಬಂದ ಹಿತ್ತಾಳೆ ಕ್ಯಾಸೆಟ್‌ಗೆ ತುಂಬಿಕೊಳ್ಳುತ್ತಿದ್ದರು. ಅಂದರೆ 35 ಮಿಲಿಮೀಟರ್ ಛಾಯಾಗ್ರಹಣ ಶುರುವಾಗಿದ್ದೇ ನಾವು ಈಗ ಮಾಡುವ ಕೆಲಸದಿಂದ. ಒಮ್ಮೆ ಬಳಸಿ ಬಿಸಾಡುವ, ತುಂಬಿಯೇ ಬರುವ ಕ್ಯಾಸೆಟ್ಟನ್ನು ಕೊಡಾಕ್ ಕಂಪನಿ 1934ರಲ್ಲಿ ರೆಟಿನಾ ಕ್ಯಾಮೆರಾದ ಜತೆ ತಂದಿತು. ಅದು ಲೈಕಾಗೂ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೂ ಹೊಂದುವಂತೆ ಇತ್ತು. 135 ಅಂತ ನಾವು ಇವತ್ತಿಗೂ ಕರೆಯುವುದು ಅದನ್ನೇ.

ಆ ಹಳೇ ಹಿತ್ತಾಳೆ ಕ್ಯಾಸೆಟ್‌ನ ಕೆಲಸ ನೋಡಿದರೆ ಖುಷಿಯಾಗುತ್ತದೆ. ಒಂದರೊಳಗೊಂದು ಕೂರುವ ಎರಡು ಕೊಳವೆ. ಎರಡಕ್ಕೂ ಉದ್ದಕ್ಕೆ ಒಂದೊಂದು ಸೀಳು. ಕ್ಯಾಮೆರಾದ ತಳದ ತಟ್ಟೆ ಹಾಕಿ ಬೀಗ ತಿರುಗಿಸಿದರೆ ಕೊಳವೆಯೂ ತಿರುಗಿ ಎರಡು ಸೀಳೂ ಒಂದೇ ನೇರಕ್ಕೆ ಬರುತ್ತವೆ. ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ. ಬೀಗ ತೆಗೆದರೆ ಬಾಯಿ ಮುಚ್ಚುತ್ತದೆ. ಮಖಮಲ್ಲೇ ಇಲ್ಲ. ಫಿಲ್ಮ್ ಯಾವುದಕ್ಕೂ ತಾಗದೆ ಹೋಗಿ ಬರುತ್ತದೆ. ನಿಕಾನ್ ಕೂಡ ತನ್ನ ಎಫ್ ಕ್ಯಾಮೆರಾಕ್ಕೆ ಇಂಥದ್ದೇ ಕ್ಯಾಸೆಟ್ ಮಾಡಿತ್ತು. ನಿಮ್ಮ ಹತ್ತಿರ ಅಂಥ ಕ್ಯಾಮೆರಾ ಇದ್ದು, ಅದಕ್ಕೆ ಹೊಂದುವ ಕ್ಯಾಸೆಟ್ ಸೊಟ್ಟಗಾಗದೆ ಸಿಕ್ಕರೆ ಬೇರೆ ಯೋಚನೆ ಬೇಡ, ಅದನ್ನೇ ಬಳಸಿ. ಆದರೆ ಬೇರೆ ಕ್ಯಾಮೆರಾಕ್ಕೆ ಅದನ್ನು ಹಾಕಬೇಡಿ. ತೆರೆಯುವ ಬೀಗ ಇಲ್ಲದ ಕಡೆ ಬಾಯಿ ಮುಚ್ಚಿಯೇ ಇರುತ್ತದೆ, ಫಿಲ್ಮ್ ಲೋಹಕ್ಕೆ ಉಜ್ಜುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಮೂರು ಜಾತಿ. ಪ್ಲಾಸ್ಟಿಕ್ ಕ್ಯಾಸೆಟ್. ಒತ್ತಿ ಕೂರಿಸುವ ಮುಚ್ಚಳದ ತಗಡಿನ ಕ್ಯಾಸೆಟ್. ಮೂರನೆಯದು, ಕಾರ್ಖಾನೆಯಿಂದ ತುಂಬಿ ಬಂದು ಒಮ್ಮೆ ಬಳಸಿ ಮುಗಿದ ಕ್ಯಾಸೆಟ್.

ಪ್ಲಾಸ್ಟಿಕ್ಕಿನದು ಹೊಸಬರಿಗೆ ಸುಲಭ. ಮುಚ್ಚಳ ತಿರುಗಿಸಿ ಹಾಕುವ ಜಾತಿ ಸಿಕ್ಕರೆ ಅದನ್ನೇ ತಗೊಳ್ಳಿ. ಚೇಂಜಿಂಗ್ ಬ್ಯಾಗ್ ಅನ್ನುವ ಬೆಳಕು ನುಗ್ಗದ ಬಟ್ಟೆ ಚೀಲದೊಳಗೆ ಕೈ ಹಾಕಿ, ಕಣ್ಣಿಗೆ ಏನೂ ಕಾಣದೆ ಮುಚ್ಚಳ ತೆಗೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಬೆರಳಿಗೇ ತಿಳಿಯುತ್ತದೆ, ಕೂತಿದೆಯೋ ಇಲ್ಲವೋ ಅಂತ. ಕೈಜಾರಿ ಬಿದ್ದರೂ ಮುಚ್ಚಳ ಹಾರುವುದಿಲ್ಲ. ಹಗುರ, ತುಕ್ಕು ಹಿಡಿಯುವುದಿಲ್ಲ.

ಆದರೆ ಪ್ಲಾಸ್ಟಿಕ್‌ನಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ. ಕೆಲವು ಕೂದಲೆಳೆಯಷ್ಟು ದಪ್ಪ ಇರುತ್ತವೆ, ಕ್ಯಾಮೆರಾದ ಗೂಡಿನಲ್ಲಿ ಬಿಗಿಯಾಗಿ ಕೂರುತ್ತವೆ. ಕೆಲವದರ ಸ್ಪೂಲು ಮುಚ್ಚಳಕ್ಕೆ ಉಜ್ಜುತ್ತದೆ. ಹಾಗಾಗಿ ಕೊಂಡ ಕೂಡಲೇ ತುಂಬಬೇಡಿ. ಖಾಲಿ ಕ್ಯಾಸೆಟ್ ಹಿಡಿದು, ಹೊರಗೆ ಚಾಚಿರುವ ಸ್ಪೂಲಿನ ತುದಿಯನ್ನು ಎರಡು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಎಲ್ಲಾದರೂ ತಡೆದರೆ ಮುಚ್ಚಳ ತೆಗೆದು ಸರಿಯಾಗಿ ಹಾಕಿ ನೋಡಿ. ಆಗಲೂ ತಡೆದರೆ ಅದನ್ನು ಪಕ್ಕಕ್ಕಿಡಿ. ಖಾಲಿ ಇರುವಾಗಲೇ ಬಿಗಿಯಾದದ್ದು 36 ಫ್ರೇಮ್ ತುಂಬಿದಾಗ ಇನ್ನೂ ಬಿಗಿಯಾಗುತ್ತದೆ. ಆಮೇಲೆ ಅದನ್ನು ಕ್ಯಾಮೆರಾಕ್ಕೂ ಹಾಕಿ ನೋಡಿ. ಗೂಡಿನಲ್ಲಿ ಕೂರಬೇಕು, ಫಿಲ್ಮನ್ನು ವಾಪಸ್ ಸುತ್ತುವ ರಿವೈಂಡ್ ಫೋರ್ಕ್ ಸ್ಪೂಲಿಗೆ ಸರಿಯಾಗಿ ಹಿಡಿಯಬೇಕು, ಹಿಂಬಾಗಿಲು ಒತ್ತಡ ಹಾಕದೆ ಮುಚ್ಚಬೇಕು.

ತಗಡಿನ ಕ್ಯಾಸೆಟ್ ಅಳತೆಯಲ್ಲಿ ಕಾರ್ಖಾನೆಯದಕ್ಕೆ ಹತ್ತಿರ. ಕ್ಯಾಮೆರಾದಲ್ಲಿ ಚೆನ್ನಾಗಿ ಕೂರುತ್ತದೆ, ಸ್ಪೂಲು ಸಲೀಸಾಗಿ ತಿರುಗುತ್ತದೆ. ಕೈಯಿಂದ ಫಿಲ್ಮ್ ಎಳೆಯುವ ಹಳೇ ಕ್ಯಾಮೆರಾಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಇದರ ತೊಂದರೆ ಮುಚ್ಚಳ. ಬರೀ ಬಿಗಿತದ ಮೇಲೆ ಕೂತಿರುತ್ತದೆ. ಚಾಚಿದ ಸ್ಪೂಲಿನ ತುದಿಯನ್ನು ಮೇಜಿಗೆ ಗಟ್ಟಿಯಾಗಿ ಕುಟ್ಟಿದರೆ ಇನ್ನೊಂದು ಕಡೆಯ ಮುಚ್ಚಳ ಎದ್ದು ಬರುತ್ತದೆ. ಕತ್ತಲಲ್ಲಿ ತೆಗೆಯುವುದಕ್ಕೆ ಅದೇ ಅನುಕೂಲ. ನೆಲಕ್ಕೆ ಬಿದ್ದರೂ ಅದೇ ಆಗುತ್ತದೆ, ಅದು ಅನಾಹುತ. ತುಂಬಿದ ಕ್ಯಾಸೆಟ್ಟನ್ನು ಜೇಬಿನಲ್ಲೋ ಚೀಲದಲ್ಲೋ ಸುಮ್ನೆ ಹಾಕಿಕೊಳ್ಳಬೇಡಿ. ಕ್ಯಾಮೆರಾದಲ್ಲಿ ಇಲ್ಲದ ಹೊತ್ತಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರಲಿ. ಮುಚ್ಚಳಕ್ಕೆ ಟೇಪು ಸುತ್ತುವವರೂ ಇದ್ದಾರೆ. ಡಬ್ಬಿಯಲ್ಲಿ ಇರುವಷ್ಟು ಹೊತ್ತು ಪರವಾಗಿಲ್ಲ. ಕ್ಯಾಮೆರಾಕ್ಕೆ ಹಾಕುವಾಗ ಆ ಟೇಪಿನ ದಪ್ಪವೇ ತೊಂದರೆ ಕೊಡಬಹುದು.

ತಗಡಿನದನ್ನು ತೆರೆಯುವಾಗ ಚಾಕುವಿನ ಮೊನೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ. ಮುಚ್ಚಳದ ಅಂಚು ಬಗ್ಗುತ್ತದೆ. ಬಗ್ಗಿದ ಅಂಚನ್ನು ಮತ್ತೆ ಒತ್ತಿ ಕೂರಿಸಿದರೂ ಬೆಳಕು ತಡೆಯುವುದಿಲ್ಲ. ಕೊಳವೆಯ ದುಂಡು ಆಕಾರ ಕೆಟ್ಟರೂ ಹಾಗೆಯೇ. ಬಾಯಿಯ ಎರಡು ತುಟಿಯ ನಡುವೆ ಒಂದು ಕಡೆ ಸಂದು ಬಿಡುತ್ತದೆ. ಒಂದು ಕಡೆಯ ಮುಚ್ಚಳ ತೆಗೆದು, ಒಳಗಿನಿಂದ ಬಾಯಿಯ ಕಡೆ ನೋಡುತ್ತಾ ದೀಪಕ್ಕೆ ಹಿಡಿಯಿರಿ. ಎರಡು ಮಖಮಲ್ಲೂ ಉದ್ದಕ್ಕೂ ಒಂದಕ್ಕೊಂದು ತಾಗಿರಬೇಕು. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಆ ಕ್ಯಾಸೆಟ್ ಬೇಡ.

ಮೂರನೆಯ ಜಾತಿ ನೋಡೋಣ. ಕಾರ್ಖಾನೆಯ ಕ್ಯಾಸೆಟ್‌ನ ಮುಚ್ಚಳವನ್ನು ಯಂತ್ರ ಒತ್ತಿ ಮಡಚಿರುತ್ತದೆ. ತೆರೆದರೆ ಮತ್ತೆ ಮುಚ್ಚಲು ಆಗುವುದಿಲ್ಲ. ಹಾಗಾದರೆ ಮತ್ತೆ ತುಂಬುವುದು ಹೇಗೆ? ತೆರೆಯದೆಯೇ ತುಂಬುವುದು. ಬಣ್ಣದ ಫಿಲ್ಮ್ ತೊಳೆಯುವ ಮಿನಿಲ್ಯಾಬ್ ಯಂತ್ರಗಳು ಫಿಲ್ಮನ್ನು ಲೀಡರ್ ಹಿಡಿದು ಹೊರಗೆಳೆದು, ಕೊನೆಯಲ್ಲಿ ಕತ್ತರಿಸಿಬಿಡುತ್ತವೆ. ಖಾಲಿ ಕ್ಯಾಸೆಟ್‌ನ ಬಾಯಿಯಲ್ಲಿ ಒಂದಿಷ್ಟು ಬಾಲ ಉಳಿಯುತ್ತದೆ. ಆ ಬಾಲದ ಇನ್ನೊಂದು ತುದಿ ಒಳಗೆ ಸ್ಪೂಲಿಗೆ ಭದ್ರವಾಗಿ ಸಿಕ್ಕಿಕೊಂಡಿದೆ. ನಾವು ಹೊಸ ಫಿಲ್ಮನ್ನು ಆ ಬಾಲಕ್ಕೆ ಅಂಟಿಸಿ ಸುತ್ತಿದರೆ ಆಯಿತು. ಲ್ಯಾಬಿನಲ್ಲಿ ಕೇಳಿದರೆ ಇಂಥ ಕ್ಯಾಸೆಟ್ ಸಿಗುತ್ತದೆ, ಅವರಿಗೆ ಅದು ಕಸ.

ಆರಿಸುವಾಗ ಬಾಲ ನೋಡಿ. ಎರಡು ಮೂರು ಸೆಂಟಿಮೀಟರ್ ಹೊರಗಿರಬೇಕು, ನೇರವಾಗಿ ಕತ್ತರಿಸಿರಬೇಕು, ಹರಿದಿರಬಾರದು. ಮೈಯಲ್ಲಿ ತಗ್ಗು ಬಿದ್ದಿರಬಾರದು. ಬಾಯಿಯ ತುಟಿ ಚಪ್ಪಟೆಯಾಗಿರಬಾರದು. ಅಂಟಿಸುವಾಗ ಹೊಸ ಫಿಲ್ಮಿನ ಮಬ್ಬು ಮುಖ, ಅಂದರೆ ಚಿತ್ರ ಮೂಡುವ ಪದರವಾದ ಎಮಲ್ಷನ್ ಇರುವ ಮುಖ, ಬಾಲದ ಮಬ್ಬು ಮುಖ ಇರುವ ಕಡೆಗೇ ಬರಲಿ. ಎರಡು ತುದಿಯನ್ನೂ ಅಂಚಿಗೆ ಅಂಚು ಸೇರಿಸಿ, ಎರಡೂ ಮುಖಕ್ಕೆ ಟೇಪು ಹಾಕಿ. ಒಂದರ ಮೇಲೊಂದು ಇಟ್ಟರೆ ದಪ್ಪವಾಗುತ್ತದೆ, ಮಖಮಲ್‌ನಲ್ಲಿ ಹೋಗುವಾಗ ಹಿಡಿಯುತ್ತದೆ. ಟೇಪು ಫಿಲ್ಮಿನ ಅಗಲ ಮೀರಿ ಒಂದು ಎಳೆಯಷ್ಟೂ ಹೊರಗೆ ಚಾಚಬಾರದು. ಚಾಚಿದ ಅಂಟು ಬಾಯಿಗೆ ಮೆತ್ತಿಕೊಂಡರೆ ಅಲ್ಲಿಗೆ ಆ ಕ್ಯಾಸೆಟ್‌ನ ಕಥೆ ಮುಗಿಯಿತು.

ಈ ಜಾತಿಯ ದೊಡ್ಡ ಲಾಭ ಡಿಎಕ್ಸ್ ಸಂಕೇತ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೋಟಾರು ಇರುವ ಕ್ಯಾಮೆರಾ ಬಳಸುವವರಿಗೆ ಇದೇ ಮುಖ್ಯ.

1983ರಲ್ಲಿ ಕೊಡಾಕ್ ತಂದ ಪದ್ಧತಿ ಇದು. ಕ್ಯಾಸೆಟ್‌ನ ಮೈಮೇಲೆ ಎರಡು ಸಾಲು, ಸಾಲಿಗೆ ಆರು ಚೌಕ. ಕೆಲವು ಚೌಕ ಬರೀ ಲೋಹ, ಬೆಳ್ಳಿ ಬಣ್ಣ. ಕೆಲವಕ್ಕೆ ಕಪ್ಪು ಬಣ್ಣ ಬಳಿದಿರುತ್ತಾರೆ. ಲೋಹದಲ್ಲಿ ವಿದ್ಯುತ್ ಹರಿಯುತ್ತದೆ, ಬಣ್ಣದಲ್ಲಿ ಹರಿಯುವುದಿಲ್ಲ. ಎರಡೂ ಸಾಲಿನ ಮೊದಲ ಚೌಕ ಯಾವಾಗಲೂ ಲೋಹವೇ, ಅದು ಸರ್ಕ್ಯೂಟಿಗೆ ಬೇಕಾದ ನೆಲೆ. ಮೊದಲ ಸಾಲಿನ ಉಳಿದ ಐದು ಚೌಕ ಫಿಲ್ಮಿನ ವೇಗ, ಅಂದರೆ ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದನ್ನು ಹೇಳುತ್ತವೆ. ಎರಡನೇ ಸಾಲು ಎಷ್ಟು ಫ್ರೇಮ್ ಇದೆ, ಎಕ್ಸ್‌ಪೋಷರ್ ಎಷ್ಟು ಹೆಚ್ಚು ಕಡಿಮೆ ಆದರೂ ಫಿಲ್ಮ್ ತಡೆಯುತ್ತದೆ ಅನ್ನುವುದನ್ನು ಹೇಳುತ್ತದೆ. ಕ್ಯಾಮೆರಾದ ಗೂಡಿನಲ್ಲಿ ಇದಕ್ಕೆಂದೇ ಸಣ್ಣ ಲೋಹದ ಮೊಳೆಗಳು ಇರುತ್ತವೆ. ನಿಮ್ಮ ಕ್ಯಾಮೆರಾ ತೆರೆದು ಎಣಿಸಿ ನೋಡಿ. ಅಗ್ಗದ ಕ್ಯಾಮೆರಾದಲ್ಲಿ ಎರಡೋ ಮೂರೋ ಇರುತ್ತವೆ, ಒಳ್ಳೆಯದರಲ್ಲಿ ಜಾಸ್ತಿ.

ಈಗ ಪ್ಲಾಸ್ಟಿಕ್ ಕ್ಯಾಸೆಟ್ ಹಾಕಿದರೆ ಏನಾಗುತ್ತದೆ? ವಿದ್ಯುತ್ ಎಲ್ಲೂ ಹರಿಯುವುದಿಲ್ಲ. ಕ್ಯಾಮೆರಾ ಇದಕ್ಕೆ ಸಂಕೇತವೇ ಇಲ್ಲ ಅಂದುಕೊಂಡು ತನಗೆ ಹೇಳಿಕೊಟ್ಟ ಒಂದು ವೇಗ ಹಿಡಿಯುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಐಎಸ್‌ಒ 100. ವೇಗವನ್ನು ಕೈಯಿಂದ ಬದಲಾಯಿಸುವ ಗುಂಡಿ ಇದ್ದರೆ ಚಿಂತೆಯೇ ಇಲ್ಲ. ಇಲ್ಲದಿದ್ದರೆ ನೀವು 400ರ ಫಿಲ್ಮ್ ತುಂಬಿದ್ದರೂ ಕ್ಯಾಮೆರಾ 100 ಅಂತಲೇ ಲೆಕ್ಕ ಹಾಕುತ್ತದೆ. ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಬೆಳಕು ಜಾಸ್ತಿ ಬೀಳುತ್ತದೆ. ಕಪ್ಪು ಬಿಳುಪು ನೆಗೆಟಿವ್ ಫಿಲ್ಮ್ ಅಷ್ಟನ್ನು ತಡೆದುಕೊಳ್ಳುತ್ತದೆ, ನೆಗೆಟಿವ್ ದಟ್ಟವಾಗುತ್ತದೆ ಅಷ್ಟೆ.

ಮೈಪೂರ್ತಿ ಬಣ್ಣವಿಲ್ಲದ ತಗಡಿನ ಕ್ಯಾಸೆಟ್ ಹಾಕಿದರೆ ಕಥೆ ಬೇರೆ. ಎಲ್ಲ ಚೌಕವೂ ಲೋಹವೇ. ವೇಗದ ಐದೂ ಚೌಕ ಲೋಹವಾಗಿದ್ದರೆ ಅದು ಐಎಸ್‌ಒ 5000ದ ಸಂಕೇತ! ಐದನ್ನೂ ಓದುವ ಕ್ಯಾಮೆರಾ ಅದನ್ನು ಹಾಗೆಯೇ ನಂಬುತ್ತದೆ. ನಿಮ್ಮ 400ರ ಫಿಲ್ಮಿಗೆ ಮೂರೂವರೆ ಸ್ಟಾಪಿಗಿಂತ ಹೆಚ್ಚು ಬೆಳಕು ಕಡಿಮೆಯಾಗುತ್ತದೆ. ನೆರಳಿನ ಭಾಗ ಪೂರ್ತಿ ಖಾಲಿ, ಅದನ್ನು ಯಾವ ಡೆವಲಪರೂ ತಂದುಕೊಡುವುದಿಲ್ಲ. ಹಾಗಾಗಿ ಡಿಎಕ್ಸ್ ಓದುವ ಕ್ಯಾಮೆರಾಕ್ಕೆ ತಗಡಿನದು ಕೊಳ್ಳುವಾಗ ಮೈಗೆ ಬಣ್ಣ ಬಳಿದಿದೆಯಾ ಅಂತ ನೋಡಿ. ಬರೀ ಲೋಹದ್ದೇ ಇದ್ದರೆ ಬೇಡದ ಚೌಕಗಳ ಮೇಲೆ ತೆಳುವಾದ ಟೇಪು ಅಂಟಿಸಿ. ಯಾವುದನ್ನು ಮುಚ್ಚಬೇಕು? ನಿಮಗೆ ಬೇಕಾದ ವೇಗದ ಕಾರ್ಖಾನೆ ಕ್ಯಾಸೆಟ್ ಒಂದನ್ನು ಪಕ್ಕದಲ್ಲಿಟ್ಟುಕೊಂಡು, ಕಪ್ಪಿದ್ದಲ್ಲಿ ಟೇಪು ಹಾಕಿ. ನೆಲೆಯ ಚೌಕ ಬಿಟ್ಟು ಎಣಿಸಿದರೆ 100ಕ್ಕೆ ಎರಡನೆಯದು, ನಾಲ್ಕನೆಯದು ಲೋಹ. 400ಕ್ಕೆ ಮೂರನೆಯದು, ನಾಲ್ಕನೆಯದು.

ಕಾರ್ಖಾನೆಯ ಹಳೇ ಕ್ಯಾಸೆಟ್ ಆದರೆ ಈ ಕೆಲಸ ಯಾವುದೂ ಇಲ್ಲ. ನಿಮ್ಮ ಫಿಲ್ಮಿನ ವೇಗದ್ದೇ ಕ್ಯಾಸೆಟ್ ಆರಿಸಿಕೊಳ್ಳಿ, ಸಾಕು. ವೇಗ ಹೊಂದದೇ ಇದ್ದಾಗ ಒಂದು ಮಾತು ನೆನಪಿಡಿ. 400ರ ಫಿಲ್ಮನ್ನು 200ರ ಕ್ಯಾಸೆಟ್‌ನಲ್ಲಿ ತುಂಬಿದರೆ ಬದುಕಿಕೊಳ್ಳಬಹುದು. 100ರ ಫಿಲ್ಮನ್ನು 400ರ ಕ್ಯಾಸೆಟ್‌ನಲ್ಲಿ ತುಂಬಬೇಡಿ.

ಇದರ ಜತೆ ಒಂದು ಅಪಾಯ ಇದೆ. ಬಣ್ಣದ ಫಿಲ್ಮಿನ ಹಳೇ ಕ್ಯಾಸೆಟ್‌ನಲ್ಲಿ ನೀವು ಕಪ್ಪು ಬಿಳುಪು ಫಿಲ್ಮ್ ತುಂಬುತ್ತೀರಿ. ಮೈಮೇಲೆ ಸಿ-41, ಅಂದರೆ ಬಣ್ಣದ ನೆಗೆಟಿವ್ ತೊಳೆಯುವ ಪದ್ಧತಿಯ ಹೆಸರು, ಮುದ್ರಿಸಿದೆ. ಲ್ಯಾಬಿಗೆ ಕೊಟ್ಟರೆ ಅವರು ಓದಿದ್ದನ್ನೇ ನಂಬುತ್ತಾರೆ. ಸಿ-41ರ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನು ಪೂರ್ತಿ ತೆಗೆದುಹಾಕುತ್ತವೆ. ಬಣ್ಣದ ಫಿಲ್ಮಿನಲ್ಲಿ ಬೆಳ್ಳಿ ಹೋದರೂ ಬಣ್ಣ ಉಳಿಯುತ್ತದೆ. ಸಾಮಾನ್ಯ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ನಿಮ್ಮ ಕೈಗೆ ಬರುವುದು ಖಾಲಿ ಪಟ್ಟಿ. ಆದ್ದರಿಂದ ಹಳೇ ಹೆಸರು ಕಾಣದ ಹಾಗೆ ಕಾಗದದ ಟೇಪು ಹಾಕಿ, ಅದರ ಮೇಲೆ ಒಳಗಿರುವುದು ಏನು ಅಂತ ದೊಡ್ಡದಾಗಿ ಬರೆಯಿರಿ. ಡಿಎಕ್ಸ್ ಚೌಕ ಮಾತ್ರ ಮುಚ್ಚಬೇಡಿ. ಸಿನಿಮಾ ಫಿಲ್ಮ್ ತುಂಬುವವರಿಗೂ ಇದೇ ಮಾತು. ಹಿಂಬದಿಯಲ್ಲಿ ರೆಮ್‌ಜೆಟ್ ಅನ್ನುವ ಕಪ್ಪು ಪದರ ಇರುವ ಫಿಲ್ಮನ್ನು ಗೊತ್ತಿಲ್ಲದೆ ಸಿ-41 ಯಂತ್ರಕ್ಕೆ ಹಾಕಿದರೆ ನಿಮ್ಮದಷ್ಟೇ ಅಲ್ಲ, ಅಲ್ಲಿರುವ ಬೇರೆಯವರ ಫಿಲ್ಮೂ ಹಾಳಾಗುತ್ತದೆ.

ಇನ್ನು ಮಖಮಲ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಫಿಲ್ಮ್ ಎಷ್ಟು ಸಲ ಮಖಮಲ್ ದಾಟುತ್ತದೆ ಅಂತ ಎಣಿಸಿದ್ದೀರಾ? ಕಾರ್ಖಾನೆಯಲ್ಲಿ ಫಿಲ್ಮ್ ಸುತ್ತಿದ ಸ್ಪೂಲನ್ನು ಕೊಳವೆಯೊಳಗಿಟ್ಟು ಮುಚ್ಚುತ್ತಾರೆ. ನೀವು ಫೋಟೋ ತೆಗೆಯುವಾಗ ಫಿಲ್ಮ್ ಹೊರಗೆ ಬರುತ್ತದೆ, ಒಂದು. ರಿವೈಂಡ್ ಮಾಡುವಾಗ ಒಳಗೆ ಹೋಗುತ್ತದೆ, ಎರಡು. ನಾವು ಲೋಡರಿನಲ್ಲಿ ತುಂಬುವಾಗ ಫಿಲ್ಮ್ ಬಾಯಿಯ ಮೂಲಕವೇ ಒಳಗೆ ಹೋಗುತ್ತದೆ. ಅಲ್ಲಿಗೆ ಮೂರು ಸಲ. ಬಾಲಕ್ಕೆ ಅಂಟಿಸುವ ಕ್ಯಾಸೆಟ್ಟನ್ನು ತೆರೆಯಲು ಆಗುವುದಿಲ್ಲ. ಡೆವಲಪ್ ಮಾಡಲು ಕತ್ತಲಲ್ಲಿ ಬಾಯಿಯಿಂದಲೇ ಹೊರಗೆಳೆಯಬೇಕು. ನಾಲ್ಕು ಸಲ. ಗೀರಿನ ದೃಷ್ಟಿಯಿಂದ ಮುಚ್ಚಳ ತೆಗೆಯುವ ಕ್ಯಾಸೆಟ್ ಮೇಲು ಅನ್ನುವುದು ಇದಕ್ಕೇ. ತಾಳ್ಮೆ ಇರುವವರು ಪೂರ್ತಿ ಕತ್ತಲಲ್ಲಿ, ಕೊಳವೆ ಹಾಕದೆ, ಬರೀ ಸ್ಪೂಲಿಗೆ ಕೈಯಲ್ಲೇ ಫಿಲ್ಮ್ ಸುತ್ತಿ ಆಮೇಲೆ ಕೊಳವೆಗೆ ಇಳಿಸುತ್ತಾರೆ. ಆಗ ಕಾರ್ಖಾನೆಯ ಲೆಕ್ಕವೇ, ಎರಡು ಸಲ.

ಲೋಡರಿನಲ್ಲೂ ಇದೇ ಪ್ರಶ್ನೆ ಇದೆ. ಕೆಲವು ಲೋಡರುಗಳಲ್ಲಿ ಫಿಲ್ಮ್ ಬರುವ ದಾರಿಗೆ ಮಖಮಲ್ ಹಾಕಿರುತ್ತಾರೆ. ವಾಟ್ಸನ್ ಅನ್ನುವ ಲೋಡರಿನ ಥರದವುಗಳಲ್ಲಿ ಮುಚ್ಚಿದ ಮೇಲೆ ತೆರೆದುಕೊಳ್ಳುವ ಬಾಗಿಲು ಇರುತ್ತದೆ, ಫಿಲ್ಮ್ ಅಲ್ಲಿ ಏನನ್ನೂ ತಾಗುವುದಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ. ಒಂದೇ ಎಚ್ಚರ ಬೇಕು, ಆ ಬಾಗಿಲು ತೆರೆದಿರುವಾಗ ಲೋಡರಿನ ಮುಚ್ಚಳ ತೆಗೆಯಬಾರದು. ಉಳಿದ ಫಿಲ್ಮಿಗೆಲ್ಲ ಬೆಳಕು ಬೀಳುತ್ತದೆ.

ಮಖಮಲ್ಲನ್ನು ಪರೀಕ್ಷಿಸುವುದು ಹೀಗೆ. ಟೇಬಲ್ ಲ್ಯಾಂಪಿನ ಬೆಳಕು ಓರೆಯಾಗಿ ಬೀಳುವ ಹಾಗೆ ಕ್ಯಾಸೆಟ್ ಹಿಡಿಯಿರಿ. ಹೊಸ ಮಖಮಲ್‌ನ ಎಳೆಗಳು ನೆಟ್ಟಗೆ ನಿಂತಿರುತ್ತವೆ, ಬೆಳಕನ್ನು ಹೀರಿಕೊಂಡು ಕಪ್ಪಗೆ ಕಾಣುತ್ತವೆ. ಹಳತಾದದ್ದು ಒಂದೇ ಕಡೆ ವಾಲಿ ಮಲಗಿರುತ್ತದೆ, ಸ್ವಲ್ಪ ಹೊಳೆಯುತ್ತದೆ. ಆ ಎಳೆಗಳ ನಡುವೆ ಚುಕ್ಕೆಯಂತೆ ಮಿನುಗುವುದು ಏನಾದರೂ ಕಂಡರೆ ಅದೇ ಮರಳಿನ ಕಣ. ಒಂದೇ ಒಂದು ಕಣ ಸಾಕು. ಫಿಲ್ಮ್ ಉದ್ದಕ್ಕೂ ಅದರ ಮೇಲೆ ಜಾರುತ್ತದೆ, ಮೊದಲ ಫ್ರೇಮಿನಿಂದ ಕೊನೆಯವರೆಗೆ ರೈಲು ಹಳಿಯಂತೆ ನೇರ ಗೆರೆ ಬೀಳುತ್ತದೆ. ಬ್ಲೋವರಿನಿಂದ ಬಾಯಿಯ ಉದ್ದಕ್ಕೆ ಗಾಳಿ ಊದಿ. ಟೇಪನ್ನು ಅಂಟು ಹೊರಗೆ ಬರುವ ಹಾಗೆ ಮಡಚಿ ಬಾಯಿಯೊಳಗೆ ಮೆಲ್ಲಗೆ ತಾಗಿಸಿ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ನೀರಲ್ಲಿ ತೊಳೆಯಬೇಡಿ. ಫಿಕ್ಸರ್ ತಾಗಿದ ಕೈಯಲ್ಲಿ ಮುಟ್ಟಲೂಬೇಡಿ.

ಆಮೇಲೆ ಒಂದು ಕೈ ಉದ್ದದ ಬೇಡದ ಫಿಲ್ಮ್ ತಗೊಂಡು ಬಾಯಿಯಲ್ಲಿ ನಾಲ್ಕಾರು ಸಲ ಎಳೆದಾಡಿ. ಎರಡೂ ಮುಖವನ್ನು ಓರೆ ಬೆಳಕಿಗೆ ಹಿಡಿದು ನೋಡಿ. ಗೀರು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಈಗಾಗಲೇ ತೆಗೆದ ಚಿತ್ರದಲ್ಲಿ ಗೀರು ಕಂಡರೆ ಅದು ಯಾವ ಮುಖದ್ದು ಅಂತ ಪ್ರಿಂಟೇ ಹೇಳುತ್ತದೆ. ಹೊಳೆಯುವ ಮುಖದ, ಅಂದರೆ ಎಮಲ್ಷನ್ ಹೊತ್ತಿರುವ ಹಾಳೆಯಾದ ಬೇಸಿನ ಮೇಲಿನ ಗೀರು ಬೆಳಕನ್ನು ಚದುರಿಸುತ್ತದೆ, ಪ್ರಿಂಟಿನಲ್ಲಿ ಬಿಳಿ ಗೆರೆಯಾಗುತ್ತದೆ. ಎಮಲ್ಷನ್ನೇ ಕಿತ್ತು ಹೋಗುವಷ್ಟು ಆಳದ ಗೀರಾದರೆ ಅಲ್ಲಿಂದ ಬೆಳಕು ಜಾಸ್ತಿ ಹೋಗಿ ಪ್ರಿಂಟಿನಲ್ಲಿ ಕಪ್ಪು ಗೆರೆ. ಎರಡು ತುಟಿಯಲ್ಲಿ ಯಾವುದನ್ನು ಶುಚಿ ಮಾಡಬೇಕು ಅನ್ನುವುದು ಇದರಿಂದ ತಿಳಿಯುತ್ತದೆ. ಗೀರು ಬಿದ್ದರೆ ಎಲ್ಲರೂ ಮೊದಲು ಕ್ಯಾಮೆರಾದ ಒತ್ತುಪಟ್ಟಿಯನ್ನೇ ಬೈಯುತ್ತಾರೆ. ಅದೇ ಕ್ಯಾಮೆರಾಕ್ಕೆ ಇನ್ನೊಂದು ಕ್ಯಾಸೆಟ್ ಹಾಕಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಸ್ಪೂಲಿನ ವಿಷಯ ಬೇಗ ಮುಗಿಸುತ್ತೇನೆ. ಕೆಲವು ಸ್ಪೂಲಿನಲ್ಲಿ ಫಿಲ್ಮಿನ ತುದಿ ಸಿಕ್ಕಿಸುವ ಸೀಳು ಇರುತ್ತದೆ, ಕೆಲವಕ್ಕೆ ಟೇಪೇ ಗತಿ. ಸೀಳಿದ್ದರೂ ಟೇಪು ಹಾಕಿ. ಫಿಲ್ಮಿನ ಒಂದು ಮುಖದಿಂದ ಶುರು ಮಾಡಿ, ಸ್ಪೂಲನ್ನು ಬಳಸಿ ಇನ್ನೊಂದು ಮುಖಕ್ಕೆ ಬರಲಿ. ಅಂಟು ಗಟ್ಟಿ ಇರುವ ಟೇಪು ಬೇಕು. ಮೋಟಾರು ಕ್ಯಾಮೆರಾ ಕೊನೆಯಲ್ಲಿ ಜಗ್ಗಿದಾಗ ಟೇಪು ಬಿಟ್ಟುಕೊಂಡರೆ ಫಿಲ್ಮ್ ಪೂರ್ತಿ ಕ್ಯಾಮೆರಾದೊಳಗೆ ಉಳಿಯುತ್ತದೆ, ರಿವೈಂಡ್ ಹಿಡಿ ಸುಮ್ನೆ ತಿರುಗುತ್ತದೆ. ಆಗ ಹಿಂಬಾಗಿಲು ತೆರೆಯಬೇಡಿ. ಚೇಂಜಿಂಗ್ ಬ್ಯಾಗಿನೊಳಗೆ ತೆರೆದು ಕೈಯಲ್ಲಿ ಸುತ್ತಿ ತೆಗೆದರೆ ಒಂದು ಚಿತ್ರವೂ ಹಾಳಾಗುವುದಿಲ್ಲ. ಪಾಲಿಯೆಸ್ಟರ್ ಬೇಸಿನ ಫಿಲ್ಮ್ ತುಂಬುವವರು ಇನ್ನೊಂದು ತಿಳಿದಿರಬೇಕು. ಅದು ಹರಿಯುವುದಿಲ್ಲ. ಜಗ್ಗಿದರೆ ಟೇಪು ಬಿಡಬೇಕು, ಇಲ್ಲವೇ ಕ್ಯಾಮೆರಾದ ಹಲ್ಲಿಗೆ ಪೆಟ್ಟು. ಅದರ ಜತೆಗೆ ಆ ಬೇಸು ಬೆಳಕನ್ನು ತನ್ನೊಳಗೇ ಕೊಳವೆಯಂತೆ ಸಾಗಿಸುತ್ತದೆ. ಲೀಡರ್ ಮೇಲೆ ಬಿದ್ದ ಬೆಳಕು ಮಖಮಲ್ ದಾಟಿ ಒಳಗಿನ ಸುತ್ತಿಗೆ ಹೋಗುತ್ತದೆ. ಕ್ಯಾಸೆಟ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ತಡೆಯಲು ಆಗುವುದಿಲ್ಲ. ನೆರಳಲ್ಲಿ, ಮಂದ ಬೆಳಕಲ್ಲಿ ಕ್ಯಾಮೆರಾಕ್ಕೆ ಹಾಕಿ.

ಎಷ್ಟು ಫ್ರೇಮ್ ತುಂಬಬೇಕು? ದುರಾಸೆ ಬೇಡ. 36ಕ್ಕಿಂತ ಜಾಸ್ತಿ ತುಂಬಿದರೆ ಕ್ಯಾಸೆಟ್‌ನಲ್ಲಿ ಬಿಗಿಯಾಗುತ್ತದೆ. ಡೆವಲಪ್ ಮಾಡುವ ರೀಲಿನಲ್ಲೂ ಕೊನೆಯ ತುದಿಗೆ ಜಾಗ ಸಾಲುವುದಿಲ್ಲ. ಕೆಲವು ಮೋಟಾರು ಕ್ಯಾಮೆರಾಗಳು ಫಿಲ್ಮ್ ಬಿಗಿಯಾಯಿತು ಅಂದರೆ ಮುಗಿಯಿತು ಅಂತ ತಿಳಿದು ಅರ್ಧಕ್ಕೇ ರಿವೈಂಡ್ ಮಾಡಿಬಿಡುತ್ತವೆ. ನಾನಾದರೆ 30 ತುಂಬಲು ಹೇಳುತ್ತೇನೆ. ಹಿಡಿಯನ್ನು ಮೆಲ್ಲಗೆ ತಿರುಗಿಸಿ. ಒಣ ಹವೆಯಲ್ಲಿ ಜೋರಾಗಿ ತಿರುಗಿಸಿದರೆ ಸ್ಥಿರವಿದ್ಯುತ್ತಿನ ಕಿಡಿ ಹಾರಿ ನೆಗೆಟಿವ್ ಮೇಲೆ ಕವಲು ಕವಲಾದ ಗುರುತು ಬೀಳುತ್ತದೆ. ಇನ್ನೊಂದು ಮಾತು. ಬೆಳಕಲ್ಲಿ ಸ್ಪೂಲಿಗೆ ಅಂಟಿಸುವಾಗ ಲೋಡರಿನಿಂದ ಹೊರಗಿದ್ದ ಫಿಲ್ಮಿನ ತುಂಡು ಬೆಳಕು ಕಂಡಿರುತ್ತದೆ. ಅದು ರೋಲಿನ ಕೊನೆ. ಕೊನೆಯ ಎರಡು ಫ್ರೇಮನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಮುಖ್ಯವಾದ ಚಿತ್ರವನ್ನು ಅಲ್ಲಿಗೆ ಉಳಿಸಿಕೊಳ್ಳಬೇಡಿ.

ಬೆಳಕು ನುಗ್ಗಿದ್ದು ಎಲ್ಲಿಂದ ಅಂತ ಕಂಡುಹಿಡಿಯುವುದನ್ನೂ ಹೇಳಿಬಿಡುತ್ತೇನೆ. ತೊಳೆದ ನೆಗೆಟಿವ್ ಉದ್ದಕ್ಕೆ ಹಿಡಿದು ನೋಡಿ. ಬೆಳಕು ತಾಗಿದ ಕಪ್ಪು ಮಸಿ ಬರೀ ಮೊದಲ ಕೆಲವು ಫ್ರೇಮಿನಲ್ಲಿದ್ದು ಆಮೇಲೆ ಮಾಯವಾದರೆ ಬಾಯಿಯ ಮಖಮಲ್ ಸಡಿಲ. ಹೊರಗಿನ ಸುತ್ತುಗಳಿಗೆ ಮಾತ್ರ ಬೆಳಕು ತಾಗಿದೆ. ಮಸಿ ಒಂದೇ ಅಂಚಿನಲ್ಲಿ, ರೋಲಿನ ಉದ್ದಕ್ಕೂ ಬಿಟ್ಟು ಬಿಟ್ಟು ಬರುತ್ತಿದ್ದರೆ ಆ ಕಡೆಯ ಮುಚ್ಚಳ ಸರಿ ಕೂತಿಲ್ಲ. ಆ ಗುರುತುಗಳ ನಡುವಿನ ದೂರ ಅಳೆಯಿರಿ. ರೋಲಿನ ಶುರುವಿನಲ್ಲಿ ಸುಮಾರು ಎರಡು ಫ್ರೇಮಿಗೊಂದು, ಕೊನೆಕೊನೆಗೆ ಹತ್ತಿರ ಹತ್ತಿರವಾಗುತ್ತಾ ಒಂದು ಫ್ರೇಮಿನಷ್ಟಕ್ಕೆ ಬರುತ್ತದೆ. ಸುತ್ತು ಒಳಗೆ ಹೋದಂತೆ ಚಿಕ್ಕದಾಗುತ್ತದಲ್ವಾ, ಅದಕ್ಕೆ. ಈ ಲಯ ಕಂಡರೆ ಬೆಳಕು ತಾಗಿದ್ದು ಫಿಲ್ಮ್ ಸುತ್ತಿಕೊಂಡಿದ್ದಾಗ, ಅಂದರೆ ಕ್ಯಾಸೆಟ್‌ನ ಸ್ಪೂಲಿನ ಮೇಲೆ. ಅದೇ ರೋಲಿನಿಂದ ತುಂಬಿದ ಬೇರೆ ಕ್ಯಾಸೆಟ್‌ಗಳು ಚೆನ್ನಾಗಿದ್ದರೆ ತಪ್ಪು ಕ್ಯಾಸೆಟ್‌ನದೇ. ಫ್ರೇಮಿನ ಒಂದೇ ಜಾಗದಲ್ಲಿ ಸಮ ದೂರಕ್ಕೆ ಮಸಿ ಬಂದರೆ ಕ್ಯಾಮೆರಾದ ಸೀಲ್ ನೋಡಿ.

ಇದು ಉಪಯೋಗಕ್ಕೆ ಬರಬೇಕಾದರೆ ಯಾವ ರೋಲ್ ಯಾವ ಕ್ಯಾಸೆಟ್‌ನಲ್ಲಿತ್ತು ಅಂತ ಗೊತ್ತಿರಬೇಕು. ಪ್ರತಿ ಕ್ಯಾಸೆಟ್‌ಗೂ ಒಂದು ನಂಬರ್ ಕೊಡಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲು ಬದಲಾಗುತ್ತದೆ, ಮೈಮೇಲೆ ಬರೆಯಿರಿ. ತುಂಬಿದ ದಿನ ಫಿಲ್ಮಿನ ಹೆಸರು, ಫ್ರೇಮ್ ಎಷ್ಟು, ತಾರೀಖು, ಇಷ್ಟನ್ನು ಟೇಪಿನ ಮೇಲೆ ಬರೆಯಿರಿ. ನೆಗೆಟಿವ್ ಜೋಡಿಸಿಡುವಾಗ ಆ ನಂಬರನ್ನೂ ಅದರ ಜತೆ ಬರೆದಿಡಿ. ಎರಡನೇ ಸಲ ಅದೇ ನಂಬರಿನಲ್ಲಿ ಗೀರು ಕಂಡರೆ ಆ ಕ್ಯಾಸೆಟ್ ತೆಗೆದುಹಾಕಿ. ಒಂದು ಕ್ಯಾಸೆಟ್ ಉಳಿಸಲು ಹೋಗಿ ಮೂವತ್ತು ಚಿತ್ರ ಕಳೆದುಕೊಳ್ಳುವುದು ಬೇಡ.

ಯಾರೋ ಆಗಲೇ ಕೇಳಿದರು, ಒಟ್ಟು ಎಷ್ಟು ಕೊಳ್ಳಬೇಕು ಅಂತ. ಹತ್ತೊಂಬತ್ತೂ ಒಮ್ಮೆಗೇ ತುಂಬಿಡುವ ಅಗತ್ಯ ಇಲ್ಲ, ಉಳಿದ ಫಿಲ್ಮ್ ಲೋಡರಿನಲ್ಲೇ ಕತ್ತಲಲ್ಲಿ ಭದ್ರವಾಗಿರುತ್ತದೆ. ಕೈಯಿಂದ ಎಳೆಯುವ ಕ್ಯಾಮೆರಾ ಇದ್ದರೆ ಆರರಿಂದ ಎಂಟು ತಗಡಿನವು. ಇದೇ ಮೊದಲ ಸಲ, ಕತ್ತಲಲ್ಲಿ ಕೈ ಇನ್ನೂ ಪಳಗಿಲ್ಲ ಅನ್ನುವವರು ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ತಗೊಳ್ಳಿ. ವೇಗ ಬದಲಾಯಿಸುವ ಗುಂಡಿ ಇಲ್ಲದ ಮೋಟಾರು ಕ್ಯಾಮೆರಾ ಆದರೆ ಲ್ಯಾಬಿನಿಂದ ಬಾಲ ಇರುವ ಹಳೇ ಕ್ಯಾಸೆಟ್ ತಂದು, ಒಂದೊಂದನ್ನೂ ಎರಡು ಮೂರು ಸಲ ಬಳಸಿ ಬಿಟ್ಟುಬಿಡಿ. ಯಾವುದೇ ಇರಲಿ, ಒಂದೇ ಜಾತಿ ಇಟ್ಟುಕೊಳ್ಳಿ. ಒಂದರ ಮುಚ್ಚಳ ಇನ್ನೊಂದಕ್ಕೆ ಕೂತ ಹಾಗೆ ಕಾಣುತ್ತದೆ, ಆದರೆ ಕೂತಿರುವುದಿಲ್ಲ. ಮೊದಲ ದಿನ ಪ್ರತಿಯೊಂದಕ್ಕೂ ಐದಾರು ಫ್ರೇಮ್ ಮಾತ್ರ ತುಂಬಿ, ಕ್ಯಾಮೆರಾದಲ್ಲಿ ಓಡಿಸಿ, ಡೆವಲಪ್ ಮಾಡಿ ನೋಡಿ. ಎಂಟು ಕ್ಯಾಸೆಟ್‌ನ ಈ ಪರೀಕ್ಷೆಗೆ ಲೀಡರ್, ಬಾಲ ಎಲ್ಲ ಸೇರಿ 36 ಫ್ರೇಮಿನ ಸುಮಾರು ಎರಡೂವರೆ ಕ್ಯಾಸೆಟ್‌ನಷ್ಟು ಫಿಲ್ಮ್ ಹೋಗುತ್ತದೆ. ಅದನ್ನು ಖರ್ಚು ಮಾಡಿ.